ಹಕ್ಕಿ ಹಾಡದ ಊರು: ರೇಚಲ್ ಕಾರ್ಸನ್

ತಂತ್ರವಿದ್ಯೆಯ ಕೈಗೆ ಸಿಕ್ಕು ಮನುಷ್ಯ ಕುಬ್ಜನಾಗುವ ಕರಾಳ ನಾಳೆಗಳನ್ನು ಚಿತ್ರಿಸುವ ಕಥನಪರಂಪರೆಯೊಂದು ಇಪ್ಪತ್ತನೆಯ ಶತಮಾನದ ಪಾಶ್ಚಾತ್ಯ ಸಾಹಿತ್ಯದಲ್ಲಿ ಬೆಳೆದು ಬಂತು. 1932ರಲ್ಲಿ ಆಲ್ಡಸ್ ಹಕ್ಸ್ಲಿ ಸೀಸೆಗಳಲ್ಲಿ ಶಿಶುಗಳನ್ನು ತಯಾರಿಸುವ ಲೋಕವನ್ನು ಕಲ್ಪಿಸಿದರು. 1949ರಲ್ಲಿ ಜಾರ್ಜ್ ಆರ್ವೆಲ್ ಗೋಡೆಯ ಪರದೆಯೇ ಮನೆಯವರ ಮೇಲೆ ಕಣ್ಣಿಡುವ ರಾಜ್ಯವನ್ನು ಚಿತ್ರಿಸಿದರು. ಈ ಸಾಲಿನ ಅತಿ ಚಿಕ್ಕ ಕಥೆ, ಲೋಕವ್ಯವಹಾರದ ಮೇಲೆ ಬಹುಶಃ ಅತಿ ಹೆಚ್ಚು ಪರಿಣಾಮ ಬೀರಿದ ಕಥೆ, ಕಾದಂಬರಿಕಾರರದ್ದಲ್ಲ. ಅದನ್ನು ಬರೆದವರು ಅಮೆರಿಕದ ಸರ್ಕಾರಿ ಇಲಾಖೆಯೊಂದರಲ್ಲಿ ಮೀನುಗಳ ವಿಷಯ ಬರೆಯುತ್ತಿದ್ದ ಪ್ರಾಣಿಶಾಸ್ತ್ರಜ್ಞೆ ರೇಚಲ್ ಕಾರ್ಸನ್.

ಕಾರ್ಸನ್ ಅವರು 1907ರ ಮೇ 27ರಂದು ಪೆನ್ಸಿಲ್ವೇನಿಯದ ಸ್ಪ್ರಿಂಗ್‌ಡೇಲ್ ಎಂಬಲ್ಲಿ, ಅಲೆಘೆನಿ ನದಿಯ ಬಳಿ ಜನಿಸಿದರು. ಕಾಡು, ತೋಟ, ಹಕ್ಕಿಗಳ ಪರಿಚಯವನ್ನು ತಾಯಿ ಮರಿಯಾ ಮಾಡಿಕೊಟ್ಟರು. ಹನ್ನೊಂದರ ಎಳೆವಯಸ್ಸಿನಲ್ಲಿಯೇ ಈಕೆಯ ಕಥೆಯೊಂದು ಮಕ್ಕಳ ಪತ್ರಿಕೆಯಲ್ಲಿ ಅಚ್ಚಾಯಿತು. ಕಾಲೇಜಿಗೆ ಸಾಹಿತ್ಯದ ವಿದ್ಯಾರ್ಥಿನಿಯಾಗಿ ಸೇರಿ, ನಡುವೆ ಜೀವಶಾಸ್ತ್ರಕ್ಕೆ ಬದಲಾದರು. 1932ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪದವಿ ಪಡೆದರು. ಮೂರು ವರ್ಷಗಳಲ್ಲಿ ತಂದೆ ತೀರಿಕೊಂಡರು. 1937ರಲ್ಲಿ ಅಕ್ಕ ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಅಗಲಿದರು. ಸಂಸಾರದ ಹೊಣೆ ಅವಿವಾಹಿತೆಯಾದ ಈಕೆಯ ಹೆಗಲಿಗೆ ಬಂತು. ಮೀನುಗಾರಿಕೆ ಇಲಾಖೆಗೆ ರೇಡಿಯೊ ಪ್ರಸಂಗಗಳನ್ನು ಬರೆದುಕೊಡುವ ಕೆಲಸ ಹಿಡಿದದ್ದು ಹೊಟ್ಟೆಪಾಡಿಗಾಗಿ. 1941ರ ಮೊದಲ ಪುಸ್ತಕ ಯುದ್ಧದ ಗದ್ದಲದಲ್ಲಿ ಮುಳುಗಿಹೋಯಿತು. ಹತ್ತು ವರ್ಷಗಳ ತರುವಾಯ ಪ್ರಕಟವಾದ ಕಡಲಿನ ಕುರಿತ ಗ್ರಂಥ ಅಪಾರ ಜನಪ್ರಿಯತೆ ಗಳಿಸಿತು. 1952ರಲ್ಲಿ ರಾಷ್ಟ್ರೀಯ ಪುಸ್ತಕ ಪ್ರಶಸ್ತಿ ಪಡೆದರು, ಅದೇ ವರ್ಷ ನೌಕರಿ ಬಿಟ್ಟರು.

ಡಿಡಿಟಿಯ ಬಗೆಗಿನ ಶಂಕೆ ಅವರಿಗೆ ಹೊಸದಾಗಿರಲಿಲ್ಲ. 1945ರಲ್ಲಿಯೇ ಆ ವಿಷಯದ ಲೇಖನವೊಂದನ್ನು ಬರೆಯುವುದಾಗಿ ಪ್ರಸಿದ್ಧ ಮಾಸಪತ್ರಿಕೆಗೆ ಸೂಚಿಸಿದ್ದರು. ಪತ್ರಿಕೆಗೆ ಅದು ರುಚಿಸಲಿಲ್ಲ. ಯುದ್ಧಕಾಲದಲ್ಲಿ ಸೈನಿಕರನ್ನು ಟೈಫಸ್ ಜ್ವರದಿಂದ ಕಾಪಾಡಿದ ಪುಡಿಯನ್ನು, 1948ರಲ್ಲಿ ಪಾಲ್ ಮ್ಯೂಲರ್ ಅವರಿಗೆ ನೊಬೆಲ್ ತಂದ ಪುಡಿಯನ್ನು, ಆಗ ಸಂದೇಹಿಸುವವರು ವಿರಳ. 1958ರ ಜನವರಿಯಲ್ಲಿ ಸ್ನೇಹಿತೆಯೊಬ್ಬರು ವಿಮಾನದಿಂದ ಸುರಿದ ಔಷಧಕ್ಕೆ ತಮ್ಮ ಅಂಗಳದ ಹಕ್ಕಿಗಳು ಸತ್ತ ಸಂಗತಿಯನ್ನು ತಿಳಿಸಿದ ಮೇಲೆ ಕಾರ್ಸನ್ ಕೆಲಸಕ್ಕೆ ತೊಡಗಿದರು. ಅದೇ ವರ್ಷಾಂತ್ಯದಲ್ಲಿ ತಾಯಿ ತೀರಿಕೊಂಡರು. 1960ರಲ್ಲಿ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಯಿತು.

1962ರ ಸೆಪ್ಟೆಂಬರಿನಲ್ಲಿ ಹೊರಬಂದ ‘ಸೈಲೆಂಟ್ ಸ್ಪ್ರಿಂಗ್’ ಪ್ರಮಾಣಗಳಿಂದ ಕಿಕ್ಕಿರಿದ ಗ್ರಂಥ. ಆದರೆ ಅದರ ಮೊದಲ ಅಧ್ಯಾಯ ಒಂದೆರಡು ಪುಟಗಳ ಕಟ್ಟುಕಥೆ. ಸುಖವಾಗಿದ್ದ ಒಂದು ಊರು; ಮಾಟ ತಗುಲಿದಂತೆ ದನಕುರಿಗಳು ಸಾಯುತ್ತವೆ, ಕಾವು ಕೂತ ಕೋಳಿಗಳಿಗೆ ಮರಿಗಳಿಲ್ಲ, ಹೂಬಿಟ್ಟ ಸೇಬಿನ ಗಿಡಗಳಿಗೆ ದುಂಬಿಯಿಲ್ಲ, ವಸಂತ ಬಂದರೂ ಹಕ್ಕಿಯ ದನಿಯಿಲ್ಲ. ಸೂರಿನ ಅಂಚಿನಲ್ಲಿ ಬಿಳಿಯ ಪುಡಿ ಉಳಿದಿದೆ. ಮಾಟಗಾರರು ಊರವರೇ. ಅಂಥ ಊರು ಎಲ್ಲಿಯೂ ಇಲ್ಲವೆಂದು ಲೇಖಕಿ ತಾವೇ ಒಪ್ಪಿ, ಅಲ್ಲಿನ ಒಂದೊಂದು ವಿಪತ್ತೂ ಎಲ್ಲಾದರೊಂದು ಕಡೆ ನಡೆದದ್ದೇ ಎಂದು ಸೇರಿಸಿದರು. ಹಕ್ಸ್ಲಿಯ ಲೋಕ ಶತಮಾನಗಳ ಆಚೆಗಿತ್ತು. ಕಾರ್ಸನ್ನರ ಊರಿಗೆ ಓದುಗ ಆಗಲೇ ತೆರಿಗೆ ಕಟ್ಟುತ್ತಿದ್ದ.

ಕನ್ನಡ ಓದುಗನಿಗೆ ಈ ಊರು ದೂರದ್ದಲ್ಲ. ಮಲೇರಿಯಾ ನಿಯಂತ್ರಣಕ್ಕೆ ಡಿಡಿಟಿ ಒದಗಿಸಲೆಂದು 1954ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಇನ್ಸೆಕ್ಟಿಸೈಡ್ಸ್ ಸಂಸ್ಥೆಯ ಕಾರ್ಖಾನೆ ಕೊಚ್ಚಿಯ ಬಳಿ, ಪೆರಿಯಾರ್ ನದಿ ಸುತ್ತುವರಿದ ಏಲೂರಿನಲ್ಲಿ ಕೆಲಸ ಆರಂಭಿಸಿದ್ದು 1958ರಲ್ಲಿ, ಕಾರ್ಸನ್ ಬರೆಯತೊಡಗಿದ ವರ್ಷವೇ. ಆ ಪುಡಿ ಸಹಸ್ರಾರು ಮನೆಗಳನ್ನು ಚಳಿಜ್ವರದಿಂದ ಉಳಿಸಿತೆಂಬುದನ್ನು ಅಲ್ಲಗಳೆಯಲಾಗದು. ಮುಂದೆ ಅಲ್ಲಿಯೇ ಎಂಡೋಸಲ್ಫಾನ್ ಕೂಡ ತಯಾರಾಯಿತು. ಅದೇ ಹೆಸರಿನ ವಿಷವನ್ನು ಕಾಸರಗೋಡಿನ ಗೇರುತೋಟಗಳ ಮೇಲೆ 2000ದವರೆಗೆ ಎರಡು ದಶಕಗಳಿಗೂ ಮಿಕ್ಕಿ ಹೆಲಿಕಾಪ್ಟರುಗಳಿಂದ ಸುರಿಯಲಾಯಿತು. ಎಣ್ಮಕಜೆಯ ಪಡ್ರೆ, ಸ್ವರ್ಗದಂಥ ಹಳ್ಳಿಗಳ ಕನ್ನಡಿಗರು ಜೇನುನೊಣಗಳು ಸತ್ತದ್ದನ್ನು ಮೊದಲು ಕಂಡರು, ಅನಂತರ ತಮ್ಮ ಮಕ್ಕಳನ್ನು ನೋಡಿಕೊಂಡರು. ಕಾರಣವಾವುದೆಂದು ತಜ್ಞ ಸಮಿತಿಗಳು ವರ್ಷಗಟ್ಟಲೆ ವಾದಿಸಿದವು. ಸರ್ವೋಚ್ಚ ನ್ಯಾಯಾಲಯದ ನಿಷೇಧ ಬಂದದ್ದು 2011ರಲ್ಲಿ. ಒಂದು ಹಳ್ಳಿಗೆ ಸ್ವರ್ಗವೆಂಬ ಹೆಸರು ಮೊದಲೇ ಇತ್ತು. ಕಟ್ಟುಕಥೆಯಲ್ಲಾದರೆ ಓದುಗ ಅದನ್ನು ಅತಿಯಾಯಿತೆನ್ನುತ್ತಿದ್ದ.

ಪುಸ್ತಕಕ್ಕೆ ಬಂದ ಪ್ರತಿಕ್ರಿಯೆ ಸಾಹಿತ್ಯಚರಿತ್ರೆಯ ದೃಷ್ಟಿಯಿಂದಲೂ ಕುತೂಹಲಕರ. ಕಥೆಗೆ ಕಥೆಯಿಂದಲೇ ಉತ್ತರ ಕೊಡಲು ಹೊರಟ ಮೊನ್ಸಾಂಟೊ ಕಂಪನಿ, ಕೀಟನಾಶಕವಿಲ್ಲದ ಒಂದು ವರ್ಷ ದೇಶವನ್ನು ಹುಳುಗಳು ಮುಕ್ಕಿಬಿಡುವ ಎದುರುಕಥೆಯನ್ನು ಅಚ್ಚುಹಾಕಿ ಹಂಚಿತು. ಇನ್ನೊಂದು ಕಂಪನಿ ಪ್ರಕಾಶಕರಿಗೆ ದಾವೆಯ ಬೆದರಿಕೆ ಹಾಕಿತು. ಮದುವೆಯಾಗದ ಹೆಂಗಸಿಗೆ ಮುಂದಿನ ಪೀಳಿಗೆಯ ಚಿಂತೆಯೇಕೆಂಬ ಕೀಳು ಮಾತೂ ಕೇಳಿಬಂತು. ಆಗ ಅವರು ಸಾಕುತ್ತಿದ್ದುದು ತಾಯಿಯನ್ನು ಕಳೆದುಕೊಂಡಿದ್ದ, ಅಕ್ಕನ ಮಗಳ ಮಗನನ್ನು. ರಾಸಾಯನಿಕಗಳನ್ನೆಲ್ಲ ನಿಷೇಧಿಸಬೇಕೆಂದು ಅವರು ಎಲ್ಲಿಯೂ ವಾದಿಸಿರಲಿಲ್ಲ. ವಿವೇಚನೆಯಿಲ್ಲದ ಬಳಕೆಯನ್ನೂ, ಜನರಿಗೆ ತಿಳಿಸದೆ ಅವರ ಮೇಲೆ ಸುರಿಯುವ ಅಧಿಕಾರವನ್ನೂ ಪ್ರಶ್ನಿಸಿದ್ದರು. ಈ ಭೇದವನ್ನು ವಿರೋಧಿಗಳು ಬೇಕೆಂದೇ ಅಳಿಸಿದರು, ಅಭಿಮಾನಿಗಳು ಹಲವೊಮ್ಮೆ ಮರೆತರು.

ತಮ್ಮ ಕಾಯಿಲೆಯನ್ನು ಕಾರ್ಸನ್ ಬಚ್ಚಿಟ್ಟರು. ಕ್ಯಾನ್ಸರಿಗೂ ರಾಸಾಯನಿಕಗಳಿಗೂ ಇರುವ ನಂಟನ್ನು ಚರ್ಚಿಸಿದ ಲೇಖಕಿ ಸ್ವತಃ ರೋಗಿಯೆಂದು ತಿಳಿದರೆ ಪುಸ್ತಕ ಸ್ವಂತ ಸಂಕಟದ ಗೊಣಗಾಟವಾಗಿಬಿಡುತ್ತಿತ್ತು. 1963ರ ಮೇ ತಿಂಗಳಲ್ಲಿ ಅಧ್ಯಕ್ಷ ಕೆನಡಿಯವರ ವಿಜ್ಞಾನ ಸಲಹಾ ಸಮಿತಿಯ ವರದಿ ಅವರ ಮುಖ್ಯ ವಾದವನ್ನು ಎತ್ತಿಹಿಡಿಯಿತು. ಜೂನಿನಲ್ಲಿ ಸೆನೆಟ್ ಉಪಸಮಿತಿಯ ಮುಂದೆ ಸಾಕ್ಷ್ಯ ನುಡಿದರು. ವ್ಯಾಧಿ ಆಗಲೇ ಹಬ್ಬಿತ್ತು. 1964ರ ಏಪ್ರಿಲ್ 14ರಂದು, ಐವತ್ತಾರರ ವಯಸ್ಸಿನಲ್ಲಿ, ಮೇರಿಲ್ಯಾಂಡಿನ ಸಿಲ್ವರ್ ಸ್ಪ್ರಿಂಗ್‌ನ ತಮ್ಮ ಮನೆಯಲ್ಲಿ ನಿಧನರಾದರು. ಅಮೆರಿಕ ಡಿಡಿಟಿಯನ್ನು ನಿಷೇಧಿಸಿದ್ದು ಎಂಟು ವರ್ಷಗಳ ಬಳಿಕ. ಅವರ ಚಿತಾಭಸ್ಮದ ಒಂದು ಪಾಲನ್ನು ತಾಯಿಯ ಸಮಾಧಿಯ ಪಕ್ಕದಲ್ಲಿ ಇರಿಸಲಾಯಿತು. ಇನ್ನೊಂದನ್ನು ಆಪ್ತ ಗೆಳತಿ ಡೊರೊತಿ ಫ್ರೀಮನ್ ಮೇಯ್ನ್ ರಾಜ್ಯದ ಕಲ್ಲುದಂಡೆಯಲ್ಲಿ ಕಡಲಿಗೆ ಬಿಟ್ಟರು.