ಚನ್ನಮ್ಮಾಜಿಯ ಲೆಕ್ಕಾಚಾರ

ಭದ್ರಾವತಿಯಿಂದ ಚನ್ನಗಿರಿಯ ದಾರಿ ಹಿಡಿದಾಗಲೆಲ್ಲ ನನಗೆ ಕೆಳದಿಯ ರಾಣಿ ಚನ್ನಮ್ಮಾಜಿ ನೆನಪಾಗುತ್ತಾಳೆ. ಆ ಊರಿಗೆ ಹೆಸರು ಬಂದದ್ದು ಆಕೆಯಿಂದಲೇ ಎಂಬುದು ಪ್ರತೀತಿ.

ಕೋಟಿಪುರದ ವರ್ತಕ ಸಿದ್ದಪ್ಪಶೆಟ್ಟರ ಮಗಳಾದ ಆಕೆ, ಪತಿ ಸೋಮಶೇಖರ ನಾಯಕನ ಹತ್ಯೆಯ ನಂತರ 1671ರಲ್ಲಿ ಅಧಿಕಾರ ವಹಿಸಿಕೊಂಡು ಸುಮಾರು 25 ವರ್ಷ ರಾಜ್ಯವಾಳಿದಳು. 1689ರಲ್ಲಿ ಮೊಘಲರು ಸಂಭಾಜಿಯನ್ನು ಕೊಂದ ಬಳಿಕ, ಜಿಂಜಿಯತ್ತ ಹೊರಟ ಅವನ ತಮ್ಮ ರಾಜಾರಾಮ ಆಕೆಯ ಆಶ್ರಯ ಬೇಡಿದ. ಕೊಟ್ಟರೆ ಔರಂಗಜೇಬನ ವೈರ ಖಚಿತ. ಆದರೂ ಕೊಟ್ಟಳು.

ಮೊಘಲ್ ಸೇನೆ ಏರಿಬಂತು. ಬಯಲಿನಲ್ಲಿ ಅದನ್ನು ಎದುರಿಸುವುದು ಸಣ್ಣ ರಾಜ್ಯಕ್ಕೆ ಅಸಾಧ್ಯ. ಆದರೆ ರಾಜಧಾನಿ ಬಿದನೂರಿನ ಸುತ್ತ ಮಲೆ, ದಟ್ಟ ಕಾಡು, ಬಿರುಮಳೆ. ಭಾರೀ ಸೈನ್ಯಕ್ಕೆ ಅವೇ ಅಡ್ಡಿ. ಮರಾಠಾ ಸೇನಾನಿ ಸಂತಾಜಿ ಘೋರ್ಪಡೆಯ ನೆರವೂ ಒದಗಿತು. ರಾಜಾರಾಮ ಜಿಂಜಿ ಸೇರಿದ, ಕೊನೆಗೆ ಸಂಧಿಯಾಯಿತು. ನಮ್ಮ ನಾಡಿನ ಕಥನಗಳು ಇದನ್ನು ಪೂರ್ಣ ವಿಜಯವೆನ್ನುತ್ತವೆ. ಮೊಘಲರ ಕಡೆಯ ಇತಿಹಾಸ, ಆಕೆ ಅಲ್ಪ ದಂಡ ತೆತ್ತಳೆನ್ನುತ್ತದೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ, ದಂಡ ತೆತ್ತಿದ್ದರೂ ಆಕೆಯ ಹಿರಿಮೆ ಕುಗ್ಗದು. ಆಶ್ರಿತನೂ ಉಳಿದ, ರಾಜ್ಯವೂ ಉಳಿಯಿತು. ಬಲಾಢ್ಯನೆದುರು ದುರ್ಬಲನಿಗೆ ಸೋಲದಿರುವುದೇ ಗೆಲುವು. ಶಿವಮೊಗ್ಗದಲ್ಲಿ ಆಕೆಯ ಖಡ್ಗವನ್ನಷ್ಟೇ ಕೊಂಡಾಡುವ ನಾವು, ಆ ವರ್ತಕಪುತ್ರಿಯ ಲೆಕ್ಕಾಚಾರವನ್ನೂ ಮಕ್ಕಳಿಗೆ ಹೇಳಬೇಕು.