ಮೈಸೂರಿಗೆ ಬಂದಿದ್ದ ಯೂಂಗ್ ಮತ್ತು ನೂರು ಪದಗಳ ಪರೀಕ್ಷೆ

ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಗುಸ್ತಾವ್ ಯೂಂಗ್ 1937ರ ಕೊನೆಯಲ್ಲಿ ಭಾರತ ಪ್ರವಾಸಕ್ಕೆ ಬಂದಾಗ ಮೈಸೂರಿನಲ್ಲಿಯೂ ಕೆಲಕಾಲ ತಂಗಿದ್ದರು. ಮಹಾರಾಜರ ಗುರುಗಳಾಗಿದ್ದ ವಿ. ಸುಬ್ರಹ್ಮಣ್ಯ ಅಯ್ಯರ್ ಅವರು ಆತಿಥ್ಯ ನೀಡಿದ್ದರು. ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲಿ ಕಟ್ಟಿದ ಮನಃಶಾಸ್ತ್ರ ವಿಭಾಗ ಆಗಲೇ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಬೇರುಬಿಟ್ಟಿತ್ತು. ಅತಿಥಿಗೆ 62ರ ಪ್ರಾಯ. ಅವರಿಗೆ ಮೊದಲು ಹೆಸರು ತಂದುಕೊಟ್ಟ ಪದಸಾಹಚರ್ಯ ಪರೀಕ್ಷೆಯನ್ನು ಅವರೇ ಎಂದೋ ಬದಿಗಿರಿಸಿದ್ದರು.

1875ರ ಜುಲೈ 26ರಂದು ಕೆಸ್ವಿಲ್ ಎಂಬ ಹಳ್ಳಿಯಲ್ಲಿ ಪಾದ್ರಿಯೊಬ್ಬರ ಮಗನಾಗಿ ಜನಿಸಿದ ಯೂಂಗ್, ಬಾಸೆಲ್‌ನಲ್ಲಿ ವೈದ್ಯಶಾಸ್ತ್ರ ಓದಿ, 1900ರ ಡಿಸೆಂಬರಿನಲ್ಲಿ ಜ್ಯೂರಿಚ್‌ನ ಬುರ್ಗ್‌ಹೋಲ್ಜ್‌ಲಿ ಮಾನಸಿಕ ಆಸ್ಪತ್ರೆ ಸೇರಿದರು. ಪರೀಕ್ಷೆ ನೋಡಲು ಸರಳ. ವೈದ್ಯ ಒಂದೊಂದೇ ಪದ ಹೇಳುತ್ತಾನೆ. ರೋಗಿ ಮನಸ್ಸಿಗೆ ಮೊದಲು ಹೊಳೆದದ್ದನ್ನು ನುಡಿಯಬೇಕು. ಎಡೆಯ ಕಾಲವನ್ನು ಗಡಿಯಾರ ಅಳೆಯುತ್ತದೆ. ನೀರು ಎಂದೊಡನೆ ಚುಂಚನಕಟ್ಟೆಯವರೊಬ್ಬರಿಗೆ ಕಾವೇರಿಯ ಜಲಪಾತ ತಟ್ಟನೆ ನಾಲಗೆಗೆ ಬಂದೀತು. ಅದೇ ಹೊಳೆಯಲ್ಲಿ ಮಗನನ್ನು ಕಳೆದುಕೊಂಡವರು ಅರೆಗಳಿಗೆ ತಡವರಿಸಿಯಾರು. ಆ ತಡವರಿಕೆಯೇ ಯೂಂಗ್ ಅವರಿಗೆ ಬೇಕಾದುದು. ಅದರ ಹಿಂದಿನ ಭಾವಗಳ ಗಂಟನ್ನು ಅವರು ಕರೆದ ಕಾಂಪ್ಲೆಕ್ಸ್ ಎಂಬ ಹೆಸರು ಇಂದು ನಮ್ಮ ಆಡುಮಾತಿನಲ್ಲೂ, ಬಹುಪಾಲು ತಪ್ಪಾಗಿಯೇ, ಓಡಾಡುತ್ತಿದೆ.

ಆ ಆಸ್ಪತ್ರೆಗೆ ದಾಖಲಾಗಿದ್ದ ಒಬ್ಬ ಗೃಹಿಣಿಯದು ಗುಣವಾಗದ ಮನೋವಿಕಲತೆಯೆಂದು ಹಿರಿಯ ವೈದ್ಯರು ನಿರ್ಣಯಿಸಿದ್ದರು. ಯೂಂಗ್ ಅವರಿಗೆ ಅದು ಒಪ್ಪಿಗೆಯಾಗಲಿಲ್ಲ. ಪದಪರೀಕ್ಷೆ ನಡೆಸಿ, ಆಕೆಯ ಕನಸುಗಳನ್ನೂ ಕೇಳಿದಾಗ ಸತ್ಯ ಹೊರಬಿತ್ತು. ತಾನು ಹಿಂದೆ ಬಯಸಿದ್ದ ತರುಣನಿಗೂ ತನ್ನ ಮೇಲೆ ಒಲವಿತ್ತೆಂದು ಮದುವೆಯಾಗಿ ವರ್ಷಗಳ ನಂತರ ತಿಳಿದು ಆಕೆ ಕುಸಿದಿದ್ದಳು. ಆ ದಿನಗಳಲ್ಲೇ ಮಕ್ಕಳಿಗೆ ಸ್ನಾನ ಮಾಡಿಸುವಾಗ, ಹೊಳೆಯ ಕೊಳಕು ನೀರಿನಲ್ಲಿ ತೊಯ್ದ ಸ್ಪಂಜನ್ನು ಮಗಳು ಚೀಪುವುದನ್ನು ಕಂಡೂ ತಡೆದಿರಲಿಲ್ಲ. ವಿಷಮಶೀತಜ್ವರದಿಂದ ಮಗು ತೀರಿಕೊಂಡಿತು. ಇದನ್ನು ಆಕೆಯ ಮುಖಕ್ಕೇ ಹೇಳುವುದೇ, ಬೇಡವೇ? ಕೇಳಿ ಆಕೆ ಇನ್ನಷ್ಟು ಕುಗ್ಗಿಹೋದರೆ? ಯೂಂಗ್ ಹೇಳಿದರು. ಎರಡು ವಾರಗಳಲ್ಲಿ ಆಕೆ ಮನೆಗೆ ಮರಳಿದಳು. ಮತ್ತೆಂದೂ ಅಂಥ ಆಸ್ಪತ್ರೆ ಸೇರಬೇಕಾಗಲಿಲ್ಲ.

ಇಲ್ಲಿ ರೋಗಿಯನ್ನು ಉಳಿಸಿದ್ದು ಪರೀಕ್ಷೆಯೋ, ಆ ಮಾತುಕತೆಯೋ? ಪದಗಳ ಪಟ್ಟಿ ಬಾಗಿಲು ಎಲ್ಲಿದೆಯೆಂದು ತೋರಿಸಿತು, ಅಷ್ಟೆ ಎನ್ನಬೇಕು.

ಶಾಯಿಕಲೆಗಳ ಪರೀಕ್ಷೆಯ ಜನಕ ಹೆರ್ಮನ್ ರೋರ್ಶಾಕ್ ಕೂಡ ಜ್ಯೂರಿಚ್‌ನಲ್ಲಿಯೇ ಓದಿದವರು. 1921ರಲ್ಲಿ ಹತ್ತು ಚಿತ್ರಗಳ ತಮ್ಮ ವಿಧಾನವನ್ನು ಪ್ರಕಟಿಸಿ, ಮರುವರ್ಷವೇ 37ನೇ ವಯಸ್ಸಿನಲ್ಲಿ ನಿಧನರಾದರು. ಅವರ ಉದ್ದೇಶ ರೋಗನಿರ್ಣಯವೇ ಹೊರತು ಚಿಕಿತ್ಸೆಯಲ್ಲ. 2013ರಲ್ಲಿ ಪ್ರಕಟವಾದ ವಿಸ್ತೃತ ಪರಾಮರ್ಶೆಯೊಂದು, ಆಲೋಚನೆ ಮತ್ತು ಗ್ರಹಿಕೆಯ ಏರುಪೇರನ್ನು ಗುರುತಿಸುವಲ್ಲಿ ಈ ಪರೀಕ್ಷೆಗೆ ಗಟ್ಟಿ ಆಧಾರವಿದೆಯೆಂದೂ ಅದರ ಇತರ ಹಲವು ಅಳತೆಗಳಿಗೆ ಆಧಾರ ತೀರ ಕಡಿಮೆಯೆಂದೂ ಕಂಡುಕೊಂಡಿತು. ಕೇವಲ ಕಲೆಗಳನ್ನು ನೋಡಿಸಿ ವ್ಯಕ್ತಿಯ ಗುಣಸ್ವಭಾವವೆಲ್ಲವನ್ನೂ ಹೇಳಿಬಿಡುವವರನ್ನು ನಂಬಲಾಗದು.

ಯೂಂಗ್ 1909ರಲ್ಲಿ ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಪದಪರೀಕ್ಷೆಯ ಬಗ್ಗೆ ಉಪನ್ಯಾಸ ನೀಡಿದರು. ಆಸ್ಪತ್ರೆಯ ಕೆಲಸವನ್ನು ಬಿಟ್ಟದ್ದೂ ಅದೇ ವರ್ಷ. ಮುಂದೆ ಫ್ರಾಯ್ಡ್ ಅವರಿಂದ ದೂರವಾಗಿ, ಗಡಿಯಾರ ಕೆಳಗಿಟ್ಟು, ರೋಗಿಗಳ ಎದುರು ಕುಳಿತು ಅವರ ಕನಸುಗಳನ್ನು ಕೇಳುವುದನ್ನೇ ಚಿಕಿತ್ಸೆಯಾಗಿಸಿಕೊಂಡರು. 1961ರ ಜೂನ್ 6ರಂದು ಕುಸ್ನಾಖ್ಟ್‌ನ ತಮ್ಮ ಮನೆಯಲ್ಲಿ ಕೊನೆಯುಸಿರೆಳೆದರು.