ಕರ್ಮದ ನಡುವೆ ನಾಮ: ಶ್ರೀ ಗುರುದೇವ ರಾನಡೆ

ನಸುಕಿನಲ್ಲಿ ಎದ್ದು, ಸ್ನಾನ ಮುಗಿಸಿ, ಮಲಾಡಿನ ನಿಲ್ದಾಣದಲ್ಲಿ ಚರ್ಚ್‌ಗೇಟಿನ ಗಾಡಿ ಹಿಡಿದು, ದಿನವೆಲ್ಲ ದುಡಿದು, ದೀಪ ಹಚ್ಚಿದ ಮೇಲೆ ಮನೆಗೆ ಮರಳುವ ಗೃಹಸ್ಥನಿಗೆ ಆತ್ಮಚಿಂತನೆಗೆ ಪುರುಸೊತ್ತೆಲ್ಲಿ ಎಂಬ ಪ್ರಶ್ನೆ ಸಹಜವಾದುದೇ. ಮಕ್ಕಳ ವಿದ್ಯಾಭ್ಯಾಸ ಮುಗಿಯಲಿ, ಮದುವೆ ಕಾರ್ಯಗಳು ನೆರವೇರಲಿ, ನಿವೃತ್ತಿಯಾಗಲಿ ಎಂದು ದಿನ ದೂಡುತ್ತಿರುವಾಗ ಆಯುಷ್ಯವೇ ಸರಿದುಹೋಗುತ್ತದೆ. ಪಾಠಪ್ರವಚನ, ಗ್ರಂಥರಚನೆ, ಆಡಳಿತ, ಸಂಸಾರ, ರೋಗ, ಶೋಕ ಇವೆಲ್ಲವುಗಳ ನಡುವೆಯೇ ಇದ್ದು ಆತ್ಮಸಾಕ್ಷಾತ್ಕಾರದ ಹಾದಿಯನ್ನು ಬಿಡದೆ ನಡೆದ ಮಹನೀಯರೊಬ್ಬರು ಕನ್ನಡ ನಾಡಿನಲ್ಲಿ ಆಗಿಹೋದರು. ಅವರೇ ಗುರುದೇವ ಎಂದು ಪ್ರಖ್ಯಾತರಾದ ಪ್ರೊಫೆಸರ್ ರಾಮಚಂದ್ರ ದತ್ತಾತ್ರೇಯ ರಾನಡೆಯವರು.

ರಾನಡೆಯವರು ಜನಿಸಿದ್ದು 1886ರ ಜುಲೈ 3ರಂದು, ಅಂದಿನ ಜಮಖಂಡಿ ಸಂಸ್ಥಾನದಲ್ಲಿ. ಮನೆಮಾತು ಮರಾಠಿ, ಊರಿನ ಮಾತು ಕನ್ನಡ. ಜ್ಞಾನೇಶ್ವರ, ತುಕಾರಾಮರ ವಾಣಿಯೂ ಶರಣರ, ದಾಸರ ವಾಣಿಯೂ ಅವರಿಗೆ ಮುಂದೆ ಸಮಾನವಾಗಿ ಪ್ರಿಯವಾದುದು ಈ ಗಡಿನಾಡಿನ ಸಂಸ್ಕಾರಕ್ಕೆ ತಕ್ಕುದೇ ಆಗಿದೆ.

1901ರಲ್ಲಿ, ಇನ್ನೂ ಶಾಲೆಯಲ್ಲಿ ಓದುತ್ತಿರುವಾಗಲೇ, ಅವರಿಗೆ ಇಂಚಗೇರಿಯ ಶ್ರೀ ಭಾವೂಸಾಹೇಬ ಮಹಾರಾಜರಿಂದ ನಾಮದೀಕ್ಷೆ ದೊರೆಯಿತು. ಉಮದಿ ಗ್ರಾಮದ ದೇಶಪಾಂಡೆ ಮನೆತನದವರಾದ ಭಾವೂಸಾಹೇಬರಿಗೆ ಗುರುಗಳಾದವರು ನಿಂಬರಗಿಯ ಮಹಾರಾಜರು. ಅವರು ಲಿಂಗಾಯತ ಕುಲದಲ್ಲಿ ಹುಟ್ಟಿ, ಬಟ್ಟೆಗೆ ಬಣ್ಣ ಹಾಕುವ ಕಾಯಕ ಮಾಡಿಕೊಂಡಿದ್ದ ಗೃಹಸ್ಥರು. ಬಣ್ಣಗಾರರಾದ ಲಿಂಗವಂತರು ಗುರು, ಬ್ರಾಹ್ಮಣರಾದ ದೇಶಪಾಂಡೆಯವರು ಶಿಷ್ಯರು! ಜಾತಿಯನ್ನು ಕೇಳದ, ಮನೆಮಠ ತೊರೆಯಿರೆಂದು ವಿಧಿಸದ ಸಂಪ್ರದಾಯವಿದು. ಗುರುವಿತ್ತ ನಾಮವನ್ನು ಉಸಿರಿನೊಡನೆ ಸೇರಿಸಿ ಮೌನವಾಗಿ, ಪ್ರತಿದಿನ, ತಪ್ಪದೆ ಸ್ಮರಿಸುವುದೇ ಇಲ್ಲಿಯ ಸಾಧನೆ.

ಬಾಲಕ ರಾಮಚಂದ್ರನಿಗೆ ಆಗ ಮೋಕ್ಷದ ಹಂಬಲವೇನೂ ಇರಲಿಲ್ಲ. ಪರೀಕ್ಷೆಯಲ್ಲಿ ಉತ್ತಮವಾಗಿ ತೇರ್ಗಡೆಯಾಗಿ ವಿದ್ಯಾರ್ಥಿವೇತನ ಪಡೆಯಬೇಕೆಂಬ ಆಸೆಯೇ ಮನಸ್ಸನ್ನು ತುಂಬಿತ್ತು. ನಾಮವು ಆ ಆಸೆಗೆ ಒದಗುವ ಬಲವಾಗಿ ಕಂಡಿತು. 1902ರ ಮೆಟ್ರಿಕ್ಯುಲೇಶನ್ ಪರೀಕ್ಷೆಯಲ್ಲಿ ಸಂಸ್ಕೃತಕ್ಕೆ ಮೀಸಲಾದ ಜಗನ್ನಾಥ ಶಂಕರಶೇಟ್ ವಿದ್ಯಾರ್ಥಿವೇತನ ಅವರಿಗೆ ಲಭಿಸಿತು. ಸಣ್ಣ ಬಯಕೆಯಿಂದ ಬಾಗಿಲು ತಟ್ಟಿದವನನ್ನೂ ನಾಮವು ಹಿಂದಕ್ಕೆ ಕಳುಹಿಸುವುದಿಲ್ಲ. ಬಯಕೆ ತೀರಿದ ಮೇಲೂ ತಟ್ಟುತ್ತಿರುವನೋ ಇಲ್ಲವೋ ಎಂಬುದೇ ನಿಜವಾದ ಪರೀಕ್ಷೆ. ರಾನಡೆಯವರು ಆ ಪರೀಕ್ಷೆಯಲ್ಲಿಯೂ ಗೆದ್ದರು.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಗಣಿತವನ್ನು ಅಭ್ಯಸಿಸಿ 1907ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎ. ಪದವೀಧರರಾದರು. ಭವಿಷ್ಯವು ಉಜ್ವಲವಾಗಿ ಕಾಣುತ್ತಿದ್ದ ಹೊತ್ತಿನಲ್ಲಿ, 1909ರಲ್ಲಿ, ಕಠಿಣವಾದ ವ್ಯಾಧಿ ಅವರನ್ನು ಹಾಸಿಗೆಗೆ ಕೆಡವಿತು. ಗಣಿತದ ಯಾವ ಸೂತ್ರವೂ ಬಿಡಿಸಲಾರದ ಸಮಸ್ಯೆ ಎದುರಾಯಿತು. ತಾನು ಯಾರು, ಈ ದೇಹ ಬಿದ್ದುಹೋದರೆ ಉಳಿಯುವುದೇನು ಎಂಬ ಜಿಜ್ಞಾಸೆ ಮೊಳೆಯಿತು. ಗೆಲುವಿಗಾಗಿ ಹಿಡಿದ ನಾಮವು ಈಗ ಬದುಕಿಗೇ ಆಧಾರವಾಯಿತು. ಆ ಬೇನೆಯಿಂದ ಎದ್ದವರು ತತ್ತ್ವಶಾಸ್ತ್ರದತ್ತ ಹೊರಳಿ, 1914ರಲ್ಲಿ ಎಂ.ಎ. ಪರೀಕ್ಷೆಯಲ್ಲಿ ಚಾನ್ಸಲರರ ಸುವರ್ಣಪದಕ ಪಡೆದರು. ಅದೇ ವರ್ಷದ ಆರಂಭದಲ್ಲಿ ಗುರುಗಳು ದೇಹವಿಟ್ಟಿದ್ದರು.

ಮುಂದೆ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿಯೂ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿಯೂ ಅಧ್ಯಾಪಕರಾದರು. ಈ ಅವಧಿಯಲ್ಲಿ ತಾಯಿ, ಪತ್ನಿ, ಪುತ್ರರ ಅಗಲಿಕೆಯ ದುಃಖವನ್ನು ಅವರು ನುಂಗಬೇಕಾಯಿತು. ದೇಹವೂ ಎಂದೂ ಗಟ್ಟಿಮುಟ್ಟಾಗಿರಲಿಲ್ಲ. ಆದರೂ ಪಾಠ ನಿಲ್ಲಲಿಲ್ಲ, ಧ್ಯಾನವೂ ನಿಲ್ಲಲಿಲ್ಲ. 1924ರಲ್ಲಿ ಕೆಲಸಕ್ಕೆ ರಾಜೀನಾಮೆಯಿತ್ತು, ಸೊಲ್ಲಾಪುರ–ವಿಜಯಪುರ ರೈಲುಮಾರ್ಗದ ನಿಂಬಾಳದಲ್ಲಿ ನೆಲೆಸಿದರು. ಬಿಸಿಲು, ಬಯಲು, ಜೋಳದ ಹೊಲಗಳ ಆ ಸೀಮೆಯಲ್ಲಿ ಗುರುಬಂಧುಗಳಾದ ಅಂಬೂರಾವ್ ಮಹಾರಾಜರ ಸಹವಾಸದಲ್ಲಿ ಸಾಧನೆ ಮುಂದುವರಿಯಿತು. ಉಪನಿಷತ್ತುಗಳನ್ನು ಕುರಿತ ಅವರ ಸುಪ್ರಸಿದ್ಧ ಇಂಗ್ಲಿಷ್ ಗ್ರಂಥವು 1926ರಲ್ಲಿ ಪ್ರಕಟವಾಗಿ ವಿದ್ವಲ್ಲೋಕದ ಮನ್ನಣೆ ಗಳಿಸಿತು.

1927ರಲ್ಲಿ ಅಲಹಾಬಾದ್ ವಿಶ್ವವಿದ್ಯಾಲಯದ ಕರೆ ಬಂದಿತು. ಏಕಾಂತ ದೊರೆತಿರುವಾಗ ಲೋಕದ ಗೊಡವೆ ಏಕೆಂದು ಅವರು ಅದನ್ನು ನಿರಾಕರಿಸಬಹುದಾಗಿತ್ತು. ಆದರೆ ಕರ್ತವ್ಯವನ್ನು ಒಪ್ಪಿಕೊಂಡು ಹೊರಟರು. ತತ್ತ್ವಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ, ಕಡೆಗೆ ಉಪಕುಲಪತಿಯ ಪೀಠವನ್ನೂ ಅಲಂಕರಿಸಿ, 1946ರಲ್ಲಿ ನಿವೃತ್ತರಾದರು. ಪಾಠದ ತಿಂಗಳುಗಳಲ್ಲಿ ಗಂಗಾ-ಯಮುನೆಯರ ಸಂಗಮದ ಊರು, ರಜೆ ಬಂದೊಡನೆ ನಿಂಬಾಳ: ಇದು ಅವರ ವರ್ಷದ ಕ್ರಮ. ಊರು ಬದಲಾದರೂ ನಿತ್ಯದ ಧ್ಯಾನ ಬದಲಾಗಲಿಲ್ಲ. 1933ರಲ್ಲಿ ಮಹಾರಾಷ್ಟ್ರದ ಸಂತರ ಅನುಭಾವವನ್ನು ವಿವರಿಸುವ ಅವರ ಗ್ರಂಥ ಹೊರಬಂದಿತು; ಅದೇ ವರ್ಷ ಅಂಬೂರಾವ್ ಮಹಾರಾಜರು ಕಾಲವಶರಾದರು. ಬಳಿಕ ಸಾಧಕರಿಗೆ ದಾರಿ ತೋರುವ ಹೊಣೆಯೂ ರಾನಡೆಯವರ ಹೆಗಲೇರಿತು.

ದೇವರ ಅನುಭವವು ಬುದ್ಧಿಯ ತರ್ಕದಿಂದಲ್ಲ, ನೇರವಾದ ದರ್ಶನದಿಂದ ಲಭಿಸತಕ್ಕದ್ದೆಂಬುದು ಅವರ ಸಿದ್ಧಾಂತ. ಹಾಗೆಂದು ಬುದ್ಧಿಯನ್ನು ಅವರು ಅಲ್ಲಗಳೆಯಲಿಲ್ಲ. ನೀತಿಯನ್ನು ಬಿಟ್ಟ ಅನುಭಾವವನ್ನು ಮಾನ್ಯಮಾಡಲೂ ಇಲ್ಲ. ನಡತೆ ತಿದ್ದದ ಧ್ಯಾನ ಧ್ಯಾನವಲ್ಲವೆಂಬ ಈ ವಿಚಾರವು ಸಂಸಾರಿಗರಿಗೆ ಎಚ್ಚರಿಕೆಯೂ ಹೌದು, ಭರವಸೆಯೂ ಹೌದು. ಸಾಧನೆಯ ಫಲ ಕಾಣಬೇಕಾದುದು ಗುಹೆಯಲ್ಲಲ್ಲ, ಮನೆಯಲ್ಲಿ, ಕಚೇರಿಯಲ್ಲಿ, ನೆರೆಹೊರೆಯಲ್ಲಿ.

ನಿವೃತ್ತಿಯ ತರುವಾಯ ನಿಂಬಾಳವೇ ಅವರ ನಿಲಯವಾಯಿತು. ಕನ್ನಡ ಸಂತರ ಸಾಹಿತ್ಯದಲ್ಲಿ ತೋರುವ ದೇವಪಥವನ್ನು ಕುರಿತ ಅವರ ಉಪನ್ಯಾಸಗಳು ಅವರ ಕಾಲಾನಂತರ, 1960ರಲ್ಲಿ, ಗ್ರಂಥರೂಪ ತಾಳಿದವು. 1957ರ ಜೂನ್ 6ರಂದು ನಿಂಬಾಳದಲ್ಲಿಯೇ ಗುರುದೇವರು ಬ್ರಹ್ಮೀಭೂತರಾದರು.

ಇಂಚಗೇರಿಯ ಈ ನಾಮದ ಬಳ್ಳಿ ಮುಂಬಯಿಯಲ್ಲಿಯೂ ಹಬ್ಬಿತು. ಭಾವೂಸಾಹೇಬರ ಇನ್ನೊಬ್ಬ ಶಿಷ್ಯರಾದ ಸಿದ್ಧರಾಮೇಶ್ವರ ಮಹಾರಾಜರ ಸಮಾಧಿ ವಾಲಕೇಶ್ವರದ ಬಾಣಗಂಗೆಯಲ್ಲಿದೆ. ಅವರ ಶಿಷ್ಯರಾದ ನಿಸರ್ಗದತ್ತ ಮಹಾರಾಜರು ಬೀಡಿ ಅಂಗಡಿಯ ವ್ಯಾಪಾರದಿಂದ ಸಂಸಾರ ಸಾಗಿಸುತ್ತಲೇ ಜ್ಞಾನಿಗಳಾದರು. ಬಣ್ಣದ ಕಡಾಯಿ, ಅಧ್ಯಾಪಕರ ಪೀಠ, ಬೀಡಿಯ ಅಂಗಡಿ ಯಾವುದೂ ಈ ಹಾದಿಗೆ ಅಡ್ಡಿಯಾಗಲಿಲ್ಲ.

ದಸರೆಯ ಆಯುಧಪೂಜೆಯಂದು ಲೇಖನಿ, ತಕ್ಕಡಿ, ಯಂತ್ರಗಳಿಗೆ ಹೂವೇರಿಸಿ ನಮಿಸುವುದು ನಮ್ಮ ಪದ್ಧತಿ. ಅಂದು ಪೂಜೆಗೊಂಡ ಆಯುಧ ಮರುದಿನ ಕೆಲಸಕ್ಕೆ ಇಳಿಯಲೇಬೇಕು. ನಾಮವೂ ಅಂತಹುದೇ ಒಂದು ಆಯುಧ. ಹಬ್ಬಕ್ಕೊಮ್ಮೆ ಹೊರತೆಗೆದು ಮತ್ತೆ ಪೆಟ್ಟಿಗೆಯಲ್ಲಿಟ್ಟರೆ ತುಕ್ಕು ಹಿಡಿದೀತು. ಪುರುಸೊತ್ತಿಗಾಗಿ ಕಾಯದೆ, ಗಾಡಿಯ ಗದ್ದಲದಲ್ಲಿಯೂ ಉಸಿರಿನೊಡನೆ ಅದನ್ನು ಬೆರೆಸಿಕೊಂಡವನಿಗೆ ಮಲಾಡಿನಿಂದ ಚರ್ಚ್‌ಗೇಟಿನ ದಾರಿಯೂ ನಿಂಬಾಳದ ದಾರಿಯಾದೀತು. ಅಂತಹ ನಿಷ್ಠೆಯನ್ನು ಜಗನ್ಮಾತೆ ಸಕಲರಿಗೂ ಕರುಣಿಸಲಿ.